ಸಮಾನಾರ್ಥವೆಂದು ತೋರುವ ಇಂಗ್ಲೀಷು ಶಬ್ದಗಳು

(ಮುಖ್ಯೋಪಾಧ್ಯಾಯಿನಿಯವರಿಂದ)

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕವರ್ಗದವರು ನಮ್ಮನ್ನು ಕೇಳಿಕೊಂಡಾಗ, ತಾಯಿತಂದೆಗಳು ನಮ್ಮ ಕೊಠಡಿಗೆ ಬಂದು ಅಡಿಗಡಿಗೆ ಕೇಳುವ ಒಂದು ಪ್ರಶ್ನೆಯು ನಮ್ಮ ಮನಸ್ಸಿಗೆ ಬಂದಿತು. "ನಮ್ಮ ಹುಡುಗಿಗೆ ಇಂಗ್ಲೀಷು ಶಬ್ದಗಳು ಬೇಕಾದಷ್ಟು ಬರುತ್ತವೆ, ಸ್ಪೆಲ್ಲಿಂಗೂ ತಪ್ಪುವುದಿಲ್ಲ, ಆದರೂ ಅವಳ ಪ್ರಬಂಧದ ತುಂಬ ಕೆಂಪು ಶಾಯಿ ಏಕೆ ಟೀಚರ್?" ಎಂಬುದೇ ಆ ಪ್ರಶ್ನೆ. ಬಾಗಿಲ ಬಳಿ ನಿಂತು ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಕೊಡಲಾಗುವುದಿಲ್ಲ. ಆದುದರಿಂದ ಆ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಪ್ರಯತ್ನಿಸುವೆವು.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುವುದು ಲೇಸು. ನಾವು ತರಬೇತಿಯನ್ನು ಮುಗಿಸಿ ಉಪಾಧ್ಯಾಯಿನಿಯ ಕೆಲಸಕ್ಕೆ ಸೇರಿದ ಹೊಸದರಲ್ಲಿ, ತಂದೆಯನ್ನು ಕಳೆದುಕೊಂಡಿದ್ದ ಒಬ್ಬ ಹುಡುಗಿಯು ದಾದಿಯರ ಶಿಕ್ಷಣಕ್ಕೆ ಸೇರಬೇಕೆಂದು ತಾನೇ ಇಂಗ್ಲೀಷಿನಲ್ಲಿ ಒಂದು ಅರ್ಜಿಯನ್ನು ಬರೆದು, ತಿದ್ದಿಕೊಡಬೇಕೆಂದು ನಮ್ಮ ಬಳಿಗೆ ತಂದಳು. ನಾವು ಅದನ್ನು ಅವಸರದಿಂದ ಓದಿದೆವು. ಸ್ಪೆಲ್ಲಿಂಗ್ ಸರಿಯಾಗಿತ್ತು, ವ್ಯಾಕರಣವೂ ಸರಿಯಾಗಿತ್ತು. "ಚೆನ್ನಾಗಿದೆ" ಎಂದು ಹೇಳಿ ಕಳುಹಿಸಿದೆವು. ಆ ಅರ್ಜಿಯಲ್ಲಿ ಒಂದು ವಾಕ್ಯವು ಹೀಗಿತ್ತು: 'ಐ ಹ್ಯಾವ್ ಹಾರ್ಡ್ಲಿ ವರ್ಕ್ಡ್ ಫಾರ್ ತ್ರೀ ಇಯರ್ಸ್.' ಮೂರು ವರ್ಷ ಕಷ್ಟಪಟ್ಟು ಓದಿದ್ದೇನೆಂಬುದು ಅವಳ ಅಭಿಪ್ರಾಯ. ಆದರೆ 'ಹಾರ್ಡ್' ಎಂದರೆ ಕಷ್ಟಪಟ್ಟು. 'ಹಾರ್ಡ್ಲಿ' ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಮೂರು ವರ್ಷಗಳಿಂದ ತಾನು ಕೆಲಸವನ್ನೇ ಮಾಡಿಲ್ಲವೆಂದು ಆ ಬಡ ಹುಡುಗಿಯು ತನ್ನ ಕೈಯಾರೆ ಬರೆದುಕೊಟ್ಟಂತಾಯಿತು. ಸಂದರ್ಶನದಲ್ಲಿ ಒಬ್ಬರು ಆ ವಾಕ್ಯವನ್ನು ಗಟ್ಟಿಯಾಗಿ ಓದಿ, "ಇದು ನಿಜವೇ?" ಎಂದು ಕೇಳಿದರಂತೆ. ಅವಳು ಭಯಭಕ್ತಿಯಿಂದ "ನಿಜ ಮೇಡಮ್" ಎಂದು ಉತ್ತರಕೊಟ್ಟಳಂತೆ! ಆ ವರ್ಷ ಅವಳಿಗೆ ಸ್ಥಳ ಸಿಕ್ಕಲಿಲ್ಲ. ಒಂದು ವರ್ಷವೆಲ್ಲಾ ಮನೆಯಲ್ಲಿ ಹೊಲಿಗೆಯ ಕೆಲಸ ಮಾಡಿಕೊಂಡಿದ್ದು, ಮರುವರ್ಷ ಬೇರೆ ಅರ್ಜಿಯನ್ನು ಹಾಕಿ ಸೇರಿದಳು. ಆ ಒಂದು ವರ್ಷದ ನಷ್ಟಕ್ಕೆ ಕಾರಣವಾದದ್ದು ಅವಳ ಅಜ್ಞಾನಕ್ಕಿಂತ ನಮ್ಮ ಅಲಕ್ಷ್ಯವೇ ಎಂದು ನಾವು ಇಂದಿಗೂ ನಂಬಿದ್ದೇವೆ.

ಅಂದಿನಿಂದ ನಾವು ತಿದ್ದುವ ಪ್ರಬಂಧಗಳಲ್ಲಿ ಸ್ಪೆಲ್ಲಿಂಗಿಗಿಂತ ಮೊದಲು ಶಬ್ದಗಳ ಆಯ್ಕೆಯನ್ನು ನೋಡುತ್ತ ಬಂದೆವು. ನಮ್ಮ ಹುಡುಗಿಯರು ಮಾಡುವ ತಪ್ಪುಗಳು ಎಲ್ಲೆಲ್ಲಿಯೋ ಹುಟ್ಟಿದವಲ್ಲ, ಕೆಲವು ಗೊತ್ತಾದ ಕಾರಣಗಳಿಂದ ಹುಟ್ಟಿದವು ಎಂಬುದು ಕಾಲಕ್ರಮದಲ್ಲಿ ನಮಗೆ ತಿಳಿದುಬಂದಿತು. ಅವುಗಳಲ್ಲಿ ಮುಖ್ಯವಾದದ್ದು, ಒಂದು ಕನ್ನಡ ಶಬ್ದದ ಎದುರಿಗೆ ಒಂದೇ ಇಂಗ್ಲೀಷು ಶಬ್ದವನ್ನಿಟ್ಟು ಬಾಯಿಪಾಠ ಮಾಡುವ ಪದ್ಧತಿ. ಎರಡು ಭಾಷೆಗಳು ಲೋಕವನ್ನು ಒಂದೇ ಅಳತೆಯಿಂದ ಪಾಲುಮಾಡಿಕೊಂಡಿರುವುದಿಲ್ಲ. ಒಂದರಲ್ಲಿ ಒಂದೇ ಪಾಲಾಗಿರುವುದು ಇನ್ನೊಂದರಲ್ಲಿ ಮೂರು ಪಾಲಾಗಿರಬಹುದು.

ಇದಕ್ಕೆ 'ಕೇಳು' ಎಂಬ ನಮ್ಮ ಶಬ್ದವೇ ಉತ್ತಮವಾದ ನಿದರ್ಶನ. ಗಂಟೆಯ ಶಬ್ದವನ್ನು ಕೇಳುತ್ತೇವೆ, ಪಾಠವನ್ನು ಕೇಳುತ್ತೇವೆ, ಪ್ರಶ್ನೆಯನ್ನು ಕೇಳುತ್ತೇವೆ. ಇಂಗ್ಲೀಷಿನಲ್ಲಿ ಮೊದಲನೆಯದು 'ಹಿಯರ್', ಎರಡನೆಯದು 'ಲಿಸನ್', ಮೂರನೆಯದು 'ಆಸ್ಕ್'. ಮೂರನ್ನೂ ಒಂದೇ ಎಂದು ತಿಳಿದ ಹುಡುಗಿಯು 'ಐ ಯಾಮ್ ಹಿಯರಿಂಗ್ ದ ಲೆಸನ್' ಎಂದು ಬರೆಯುವಳು. ಅವಳಿಗೆ ಬರಿಯ ನಿಯಮವನ್ನು ಹೇಳಿದರೆ ನಿಲ್ಲುವುದಿಲ್ಲ. ಆದರೆ "ಕಿವಿಗೊಟ್ಟು ಕೇಳಿದೆನು, ಏನೂ ಕೇಳಿಸಲಿಲ್ಲ" ಎಂಬ ಕನ್ನಡ ವಾಕ್ಯವನ್ನು ಅವಳಿಂದಲೇ ಹೇಳಿಸಿರಿ. ಕಿವಿಗೊಡುವುದು 'ಲಿಸನ್', ಕೇಳಿಸುವುದು 'ಹಿಯರ್'. ಮೊದಲನೆಯದು ನಾವು ಮನಸ್ಸಿಟ್ಟು ಮಾಡುವ ಕೆಲಸ. ಎರಡನೆಯದು ತಾನಾಗಿ ಆಗುವ ಸಂಗತಿ. ಅವಳು ಬಲ್ಲ ಭೇದವೇ ಅದು. ಇಂಗ್ಲೀಷಿನಲ್ಲಿ ಅದಕ್ಕೆ ಬೇರೆ ಹೆಸರು ಸಿಕ್ಕಿತು, ಅಷ್ಟೆ.

'ನೋಡು' ಎಂಬುದೂ ಹೀಗೆಯೇ. "ಕಿಟಕಿಯಿಂದ ನೋಡಿದೆನು, ಏನೂ ಕಾಣಲಿಲ್ಲ" ಎಂಬಲ್ಲಿ ನೋಡುವುದು 'ಲುಕ್', ಕಾಣುವುದು 'ಸೀ'. ಆಟವನ್ನೋ ಒಲೆಯ ಮೇಲಿನ ಹಾಲನ್ನೋ ಬಿಡದೆ ನೋಡುತ್ತಿರುವುದು 'ವಾಚ್'. ಹಾಲು ಉಕ್ಕದಂತೆ 'ವಾಚ್' ಮಾಡಬೇಕಲ್ಲದೆ, 'ಸೀ' ಮಾಡಿದರೆ ಹಾಲು ಒಲೆಯ ಪಾಲಾಗುವುದು!

'ನಿರೀಕ್ಷಿಸು' ಎಂಬುದು ಇನ್ನೂ ಸೂಕ್ಷ್ಮವಾದದ್ದು. ಕನ್ನಡ ಸತ್ಯವೇದದಲ್ಲಿ ನಂಬಿಕೆ, ಪ್ರೀತಿಗಳ ಜೊತೆಯಲ್ಲಿ ಬರುವ 'ನಿರೀಕ್ಷೆ'ಯು ಇಂಗ್ಲೀಷಿನ 'ಹೋಪ್' ಎಂಬುದಕ್ಕೆ ಸಮಾನ. ಆದರೆ ದಿನದ ಬಳಕೆಯಲ್ಲಿ ನಿರೀಕ್ಷಿಸುವುದೆಂದರೆ ಕಾದಿರುವುದೂ ಆಗುವುದು, ಬಂದೇ ಬರುವುದೆಂದು ಎಣಿಸುವುದೂ ಆಗುವುದು. ಕಾದಿರುವುದು 'ವೇಟ್', ಬಂದೇ ಬರುವುದೆಂದು ಎಣಿಸುವುದು 'ಎಕ್ಸ್‌ಪೆಕ್ಟ್', ಬರಲೆಂದು ಹಾರೈಸುವುದು 'ಹೋಪ್'. ಒಬ್ಬ ಹಿರಿಯರಿಗೆ ಉಪಕಾರವನ್ನು ಬೇಡಿ ಬರೆಯುವ ಪತ್ರದ ಕೊನೆಯಲ್ಲಿ 'ಐ ಎಕ್ಸ್‌ಪೆಕ್ಟ್ ಯುವರ್ ಹೆಲ್ಪ್' ಎಂದು ಬರೆದರೆ, "ನೀವು ಸಹಾಯ ಮಾಡತಕ್ಕದ್ದು" ಎಂದು ಆಜ್ಞಾಪಿಸಿದಂತಾಗುವುದು. ಬೇಡುವವಳ ವಿನಯವೆಲ್ಲಾ ಒಂದು ಶಬ್ದದಿಂದ ಅಳಿಸಿಹೋಗುವುದು.

'ಸಾಲ' ಎಂಬ ಶಬ್ದದಿಂದ 'ಬಾರೋ', 'ಲೆಂಡ್' ಎಂಬ ಎರಡಕ್ಕೂ ಗೊಂದಲವುಂಟು. 'ಬಾರೋ ಮಿ ಯುವರ್ ಪೆನ್' ಎಂದು ಕೇಳುವವರು ನಮ್ಮಲ್ಲಿ ಹಲವರಿದ್ದಾರೆ. ಸಾಲವಾಗಿ ತೆಗೆದುಕೊಳ್ಳುವುದು 'ಬಾರೋ', ಸಾಲವಾಗಿ ಕೊಡುವುದು 'ಲೆಂಡ್' ಎಂದು ಕೊಡುವ ಕೈಯನ್ನೂ ಕೊಳ್ಳುವ ಕೈಯನ್ನೂ ನೆನಪಿಟ್ಟುಕೊಂಡರೆ ಸಾಕು.

ಶಬ್ದವಲ್ಲದೆ ಕೇವಲ ಒಂದು ಪ್ರತ್ಯಯವೇ ತೊಡಕನ್ನು ತರುವುದೂ ಉಂಟು. "ನಾಲ್ಕು ವರ್ಷಗಳಿಂದ ಇಲ್ಲಿದ್ದೇನೆ", "2019ರಿಂದ ಇಲ್ಲಿದ್ದೇನೆ" ಎಂಬ ಎರಡರಲ್ಲಿಯೂ ಕನ್ನಡಕ್ಕೆ 'ಇಂದ' ಎಂಬುದೊಂದೇ ಸಾಕು. ಇಂಗ್ಲೀಷಿನಲ್ಲಿ ಮೊದಲನೆಯದಕ್ಕೆ 'ಫಾರ್', ಎರಡನೆಯದಕ್ಕೆ 'ಸಿನ್ಸ್'. 'ಸಿನ್ಸ್ ಫೋರ್ ಇಯರ್ಸ್' ಎಂಬ ತಪ್ಪು ನಮ್ಮಲ್ಲಿ ಬಹು ಹಳೆಯದು, ಪದವೀಧರರ ಬಾಯಿಂದಲೂ ಬರುವುದು. ಇದಕ್ಕೆ ಸುಲಭವಾದ ಒಂದು ಪರೀಕ್ಷೆಯಿದೆ. "ಎಂದಿನಿಂದ?" ಎಂಬ ಪ್ರಶ್ನೆಗೆ ಉತ್ತರವಾದರೆ 'ಸಿನ್ಸ್', "ಎಷ್ಟು ಕಾಲದಿಂದ?" ಎಂಬ ಪ್ರಶ್ನೆಗೆ ಉತ್ತರವಾದರೆ 'ಫಾರ್'.

ಮೇಲಣ ತಪ್ಪುಗಳಲ್ಲಿ ಹಲವು ನಗುವಿನಲ್ಲಿ ಮುಗಿಯಬಹುದು. ಆದರೆ 'ಡೌಟ್', 'ಸಸ್ಪೆಕ್ಟ್' ಎಂಬ ಜೋಡಿಯಲ್ಲಿ ತಪ್ಪಿದರೆ ಇನ್ನೊಬ್ಬಳ ಮಾನಕ್ಕೇ ಹಾನಿಯಾಗಬಹುದು. ತರಗತಿಯಲ್ಲಿ ಒಂದು ಪುಸ್ತಕವು ಕಾಣೆಯಾಯಿತೆಂದು ಇಟ್ಟುಕೊಳ್ಳೋಣ. ತರಗತಿಯ ನಾಯಕಿಯು ಇಂಗ್ಲೀಷಿನಲ್ಲಿ ಬರೆದ ಚೀಟಿಯಲ್ಲಿ 'ಐ ಡೌಟ್ ದಟ್ ಶೀ ಟುಕ್ ಇಟ್' ಎಂದಿದ್ದರೆ, "ಅವಳು ಅದನ್ನು ತೆಗೆದುಕೊಂಡಳೆಂದು ನನಗೆ ನಂಬಿಕೆಯಿಲ್ಲ" ಎಂದು ಅರ್ಥ. 'ಐ ಸಸ್ಪೆಕ್ಟ್ ದಟ್ ಶೀ ಟುಕ್ ಇಟ್' ಎಂದಿದ್ದರೆ, "ಅವಳೇ ತೆಗೆದುಕೊಂಡಿರಬೇಕು" ಎಂದು ಅರ್ಥ. ಒಂದು ವಾಕ್ಯವು ಹುಡುಗಿಯನ್ನು ಕಾಪಾಡುವುದು, ಇನ್ನೊಂದು ದೂಷಿಸುವುದು. ನಮ್ಮ 'ಅನುಮಾನ'ವೋ ಎರಡಕ್ಕೂ ಸಲ್ಲುವುದು. ಆದರೂ ಕನ್ನಡವು ನಮ್ಮನ್ನು ಇಲ್ಲಿಯೂ ಕೈಬಿಡುವುದಿಲ್ಲ. "ತೆಗೆದುಕೊಂಡಿದ್ದಾಳೆಂದು ಅನುಮಾನ" ಎಂದರೆ 'ಸಸ್ಪೆಕ್ಟ್'. "ತೆಗೆದುಕೊಂಡಿದ್ದಾಳೆಯೇ ಎಂಬುದು ಅನುಮಾನ" ಎಂದರೆ 'ಡೌಟ್'. ಈ ಎರಡು ವಾಕ್ಯಗಳ ಭೇದವನ್ನು ಮನೆಯ ಅಜ್ಜಿಯೂ ಬಲ್ಲಳು.

ಕೆಲವೆಡೆ ಇಂಗ್ಲೀಷಿಗಿಂತ ಕನ್ನಡವೇ ಹೆಚ್ಚು ಸ್ಪಷ್ಟವಾಗಿರುವುದು. ನಮ್ಮಲ್ಲಿ 'ಇಸು' ಎಂಬ ಪ್ರತ್ಯಯವನ್ನು ಸೇರಿಸಿದರೆ ತಾನು ಮಾಡುವ ಕೆಲಸವು ಇನ್ನೊಬ್ಬರಿಂದ ಮಾಡಿಸುವ ಕೆಲಸವಾಗುವುದು: ಕಲಿ, ಕಲಿಸು, ಮಲಗು, ಮಲಗಿಸು. ಇಂಗ್ಲೀಷಿನಲ್ಲಿ ಇದಕ್ಕೆ ಬೇರೆಬೇರೆ ಶಬ್ದಗಳೇ ಬೇಕಾಗುವುವು. ಕಲಿಯುವುದು 'ಲರ್ನ್', ಕಲಿಸುವುದು 'ಟೀಚ್'. ಏಳುವುದು 'ರೈಸ್', ಎತ್ತುವುದು 'ರೇಜ್'. ಮಲಗುವುದು 'ಲೈ', ಮಲಗಿಸುವುದು 'ಲೇ'. ಕೊನೆಯ ಜೋಡಿಯಲ್ಲಿ ಇಂಗ್ಲೀಷರೇ ಎಡವುವುದುಂಟು. ಏಕೆಂದರೆ 'ಲೈ' ಎಂಬುದರ ಭೂತಕಾಲವು 'ಲೇ' ಎಂದೇ ಆಗುವುದು. ಮಗುವು ತಾನಾಗಿ ಮಲಗಿದರೆ 'ದ ಚೈಲ್ಡ್ ಲೇ ಆನ್ ದ ಬೆಡ್'. ತಾಯಿಯು ಮಲಗಿಸಿದರೆ 'ದ ಮದರ್ ಲೇಡ್ ದ ಚೈಲ್ಡ್ ಆನ್ ದ ಬೆಡ್'. ಕನ್ನಡದಲ್ಲಿ 'ಇಸು' ಬಂದಿತೋ ಇಲ್ಲವೋ ಎಂದು ನೋಡಿಕೊಂಡ ಹುಡುಗಿಯು ಇಲ್ಲಿ ತಪ್ಪುವುದಿಲ್ಲ.

ಎರಡನೆಯ ಕಾರಣವು ಇಂಗ್ಲೀಷು ಭಾಷೆಯ ಚರಿತ್ರೆಯಲ್ಲಿಯೇ ಇದೆ. 1066ನೆಯ ಇಸವಿಯಲ್ಲಿ ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದ ಮೇಲೆ, ಬಹುಕಾಲದವರೆಗೆ ಅಲ್ಲಿಯ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚು ಭಾಷೆಯು ನಡೆಯಿತು. ಹೊಲಗದ್ದೆಗಳಲ್ಲಿ ಹಳೆಯ ಇಂಗ್ಲೀಷೇ ಉಳಿಯಿತು. ಆದುದರಿಂದ ಒಂದೇ ಸಂಗತಿಗೆ ಎರಡೆರಡು ಹೆಸರುಗಳು ಸೇರಿಕೊಂಡವು. ಮಂದೆಯಲ್ಲಿರುವ ಕುರಿಗೆ ಇಂಗ್ಲೀಷು ಮೂಲದ 'ಶೀಪ್' ಎಂಬ ಹೆಸರು. ಅದರ ಮಾಂಸವು ದೊರೆಗಳ ಮೇಜಿಗೆ ಬಂದಾಗ ಫ್ರೆಂಚು ಮೂಲದ 'ಮಟನ್' ಎಂಬ ಹೆಸರು. (ನಮ್ಮ ದೇಶದಲ್ಲಿ ಆಡಿನ ಮಾಂಸವನ್ನೂ ಮಟನ್ ಎಂದೇ ಕರೆಯುವೆವು.) 'ಬಿಗಿನ್', 'ಬೈ', 'ಆಸ್ಕ್' ಎಂಬವು ಹಳೆಯ ಇಂಗ್ಲೀಷಿನವು; 'ಕಮೆನ್ಸ್', 'ಪರ್ಚೇಸ್', 'ಡಿಮ್ಯಾಂಡ್' ಎಂಬವು ಫ್ರೆಂಚಿನ ದಾರಿಯಿಂದ ಬಂದವು.

ಕನ್ನಡಿಗರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ನಮ್ಮಲ್ಲಿ ನೀರೂ ಉಂಟು, ಜಲವೂ ಉಂಟು. ಮನೆಯೂ ಉಂಟು, ಗೃಹವೂ ಉಂಟು. "ಒಂದು ಲೋಟ ಜಲವನ್ನು ಕೊಡು" ಎಂದರೆ ಮಕ್ಕಳು ನಗುವರು. "ನೀರಪ್ರಳಯ" ಎಂದರೆ ಪಂಡಿತರು ನಗುವರು. ಒಂದು ಮನೆಯ ಒಳಗಿನ ಮಾತು, ಒಂದು ಸಭೆಯ ಮಾತು. ಇಂಗ್ಲೀಷಿನಲ್ಲಿಯೂ ಹಾಗೆಯೇ. ತಾಯಿಗೆ ಬರೆಯುವ ಕಾಗದದಲ್ಲಿ 'ಐ ಪರ್ಚೇಸ್ಡ್ ಬನಾನಾಸ್' ಎಂದು ಬರೆಯುವುದು "ಕದಳೀಫಲಗಳನ್ನು ಕ್ರಯಕ್ಕೆ ಪಡೆದೆನು" ಎಂದಂತೆ ಕೇಳಿಸುವುದು. ದೊಡ್ಡ ಶಬ್ದವನ್ನು ಬಳಸಿದರೆ ದೊಡ್ಡ ಪಾಂಡಿತ್ಯವೆಂಬ ಭ್ರಮೆಯನ್ನು ನಮ್ಮ ಮಕ್ಕಳಿಂದ ಬಿಡಿಸಬೇಕು. 'ಡಿಮ್ಯಾಂಡ್' ಎಂಬುದರಲ್ಲಂತೂ ವಿಶೇಷ ಎಚ್ಚರಿಕೆ ಬೇಕು. ಫ್ರೆಂಚಿನಲ್ಲಿ ಅದರ ಮೂಲಶಬ್ದಕ್ಕೆ ಸುಮ್ಮನೆ ಕೇಳು ಎಂದೇ ಅರ್ಥ. ಇಂಗ್ಲೀಷಿನಲ್ಲಿಯೋ ಹಕ್ಕಿನಿಂದ ಕೇಳು ಎಂದು ಅರ್ಥ. ರಜೆಯ ಅರ್ಜಿಯಲ್ಲಿ 'ಐ ಡಿಮ್ಯಾಂಡ್ ಲೀವ್' ಎಂದು ಬರೆದ ಹುಡುಗಿಗೆ ರಜೆಯ ಬದಲಾಗಿ ಬುದ್ಧಿವಾದವೇ ಸಿಕ್ಕೀತು. ಅಲ್ಲಿ ಬೇಕಾದದ್ದು 'ರಿಕ್ವೆಸ್ಟ್'.

ಮೂರನೆಯ ಕಾರಣವು ಶಬ್ದಗಳ ಬಾಲ. ಬಾಲವೊಂದು ಸೇರಿದ ಮಾತ್ರಕ್ಕೆ ಅರ್ಥವು ಬೇರೆ ದಾರಿಯನ್ನು ಹಿಡಿಯುವುದು. ನಮ್ಮ ಹುಡುಗಿಯ ಒಂದು ವರ್ಷವನ್ನು ನುಂಗಿದ 'ಹಾರ್ಡ್ಲಿ' ಎಂಬುದು ಈ ಜಾತಿಗೆ ಸೇರಿದ್ದು. ಹಿಂದಿನ ಕಾಲದಲ್ಲಿ ಅದಕ್ಕೂ ಬಲವಾಗಿ, ಕಷ್ಟದಿಂದ ಎಂಬ ಅರ್ಥಗಳೇ ಇದ್ದವು. ಕಷ್ಟದಿಂದ ಆದದ್ದು ಆಗಿಯೂ ಆಗದಂತೆ ಇರುವುದರಿಂದ, ಬರಬರುತ್ತ ಇಲ್ಲವೆನ್ನುವಷ್ಟು ಕಡಿಮೆ ಎಂಬ ಅರ್ಥವು ನಿಂತಿತು. "ಸಭೆಗೆ ಕಷ್ಟದಿಂದ ಹತ್ತು ಜನ ಸೇರಿದರು" ಎಂದು ನಾವೂ ಹೇಳುವೆವಷ್ಟೆ. ಹೀಗೆಯೇ 'ಲೇಟ್' ಎಂದರೆ ತಡವಾಗಿ, 'ಲೇಟ್ಲಿ' ಎಂದರೆ ಇತ್ತೀಚೆಗೆ. 'ನಿಯರ್' ಎಂದರೆ ಹತ್ತಿರ, 'ನಿಯರ್ಲಿ' ಎಂದರೆ ಹೆಚ್ಚುಕಡಿಮೆ. 'ಎಕನಾಮಿಕ್' ಎಂಬುದು ದೇಶದ ಹಣಕಾಸಿಗೆ ಸಂಬಂಧಪಟ್ಟದ್ದು. 'ಎಕನಾಮಿಕಲ್' ಎಂಬುದು ಮಿತವಾಗಿ ಖರ್ಚುಮಾಡುವ ಗೃಹಿಣಿಯ ಗುಣ. ಹಿಂದಿನ ಕಾಲಕ್ಕೆ ಸೇರಿದ್ದೆಲ್ಲಾ 'ಹಿಸ್ಟಾರಿಕಲ್'. ಚರಿತ್ರೆಯಲ್ಲಿ ನೆನಪಿಡತಕ್ಕಷ್ಟು ದೊಡ್ಡದು ಮಾತ್ರ 'ಹಿಸ್ಟಾರಿಕ್'. 'ಚೈಲ್ಡ್‌ಲೈಕ್' ಎಂದರೆ ಮಗುವಿನಂಥ ನಿರ್ಮಲವಾದ ಮನಸ್ಸು. 'ಚೈಲ್ಡಿಷ್' ಎಂದರೆ ದೊಡ್ಡವರಲ್ಲಿ ಉಳಿದಿರುವ ಹುಡುಗುಬುದ್ಧಿ. ಮೊದಲನೆಯದು ಹೊಗಳಿಕೆ, ಎರಡನೆಯದು ತೆಗಳಿಕೆ. ಗುಣಪತ್ರವನ್ನು ಬರೆಯುವ ನಮ್ಮ ಸಹೋದ್ಯೋಗಿನಿಯರು ಇದನ್ನು ಮರೆಯಬಾರದು.

ನಾಲ್ಕನೆಯದಾಗಿ, ನಮ್ಮ ದೇಶದಲ್ಲಿಯೇ ರೂಢಿಯಾಗಿ, ಹೊರದೇಶದಲ್ಲಿ ಬೇರೆ ಅರ್ಥವನ್ನು ಕೊಡುವ ಮಾತುಗಳಿವೆ. ಪರದೇಶದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಅನುಭವದಿಂದ ಬಲ್ಲರು. 'ಐ ಪಾಸ್ಡ್ ಔಟ್ ಇನ್ 2005' ಎಂದರೆ ಆ ವರ್ಷ ಶಾಲೆಯನ್ನು ಮುಗಿಸಿದೆನೆಂದು ನಾವು ತಿಳಿಯುವೆವು. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಸಾಮಾನ್ಯ ಜನರು ಮೂರ್ಛೆಹೋದೆನೆಂದು ತಿಳಿದು ಗಾಬರಿಪಡುವರು. ಅಲ್ಲಿ ಬೇಕಾದದ್ದು 'ಗ್ರಾಜುಯೇಟ್' ಅಥವಾ 'ಲೆಫ್ಟ್ ಸ್ಕೂಲ್'. ಆದರೆ ಎಲ್ಲ ಕೊರತೆಯೂ ನಮ್ಮದೇ ಎಂದು ತಲೆತಗ್ಗಿಸಬೇಕಾಗಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಇವರೆಲ್ಲರಿಗೂ ಇಂಗ್ಲೀಷಿನಲ್ಲಿ 'ಅಂಕಲ್' ಎಂಬುದೊಂದೇ ಹೆಸರು. ಅಕ್ಕಿಗೂ 'ರೈಸ್', ಅನ್ನಕ್ಕೂ 'ರೈಸ್'. ಕನ್ನಡವನ್ನು ಕಲಿಯುವ ಆಂಗ್ಲೇಯಳೊಬ್ಬಳು "ನಾನು ಅಕ್ಕಿಯನ್ನು ಉಂಡೆನು" ಎಂದರೆ, ಅವಳ ತಪ್ಪೂ ನಮ್ಮ 'ಬಾರೋ ಮಿ ಯುವರ್ ಪೆನ್' ಎಂಬ ತಪ್ಪೂ ಅಕ್ಕತಂಗಿಯರೇ.

ಈ ಭೇದಗಳನ್ನು ತಿಳಿಯಲು ಯಾವ ಪುಸ್ತಕ ಬೇಕೆಂದು ಕೇಳುವವರಿಗೆ ಒಂದೆರಡು ಮಾತು. ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು 1852ರಲ್ಲಿ ಪ್ರಕಟಿಸಿದ 'ಥಿಸಾರಸ್' ಎಂಬ ಗ್ರಂಥವು ಪ್ರಸಿದ್ಧವಾದದ್ದು. ಅದರಲ್ಲಿ ಅರ್ಥದಿಂದ ನೆರೆಹೊರೆಯಾದ ಶಬ್ದಗಳು ಒಂದೆಡೆ ಸೇರಿವೆ. ಆದರೆ ನೆರೆಹೊರೆಯವರೊಳಗಿನ ಭೇದವೇನೆಂಬುದನ್ನು ಅದು ವಿವರಿಸುವುದಿಲ್ಲ. ಭಾಷೆಯನ್ನು ಬಲ್ಲವರಿಗೆ ಅದು ಜ್ಞಾಪಕ ಕೊಡುವುದು, ಕಲಿಯುವವರಿಗೆ ಗೊಂದಲ ತರುವುದು. ಜಪಾನಿನಲ್ಲಿ ಉಪಾಧ್ಯಾಯರಾಗಿದ್ದ ಎ. ಎಸ್. ಹಾರ್ನ್‌ಬಿಯವರು ತಮ್ಮ ಸಂಗಡಿಗರೊಡನೆ, ಇಂಗ್ಲೀಷನ್ನು ಪರಭಾಷೆಯಾಗಿ ಕಲಿಯುವವರಿಗೋಸ್ಕರವೇ ರಚಿಸಿ 1942ರಲ್ಲಿ ಅಲ್ಲಿಯೇ ಪ್ರಕಟಿಸಿದ ನಿಘಂಟು, 1948ರಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದು, ಹಲವು ಪರಿಷ್ಕರಣಗಳನ್ನು ಹೊಂದಿ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಶಬ್ದವನ್ನು ವಾಕ್ಯದಲ್ಲಿಟ್ಟು ತೋರಿಸಿರುವುದರಿಂದ ನಮ್ಮ ಮಕ್ಕಳಿಗೆ ಅದು ಯೋಗ್ಯವಾದದ್ದು. ಕನ್ನಡದಿಂದ ಇಂಗ್ಲೀಷಿಗೆ ಹೋಗುವವರಿಗೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕಿಟ್ಟೆಲರ ನಿಘಂಟು ಈಗಲೂ ನಿಧಿಯೇ ಸರಿ. ಈಚೆಗೆ ಮೊಬೈಲ್ ಫೋನೇ ಕ್ಷಣದಲ್ಲಿ ಅನುವಾದ ಮಾಡಿಕೊಡುವುದು. ಅದರ ಉಪಯೋಗವನ್ನು ನಾವು ನಿಷೇಧಿಸುವುದಿಲ್ಲ. ಆದರೆ ಅದು ಕೊಟ್ಟ ಶಬ್ದವು ತನ್ನ ಅಭಿಪ್ರಾಯವನ್ನೇ ಹೇಳುವುದೋ ಇಲ್ಲವೋ ಎಂದು ಒಪ್ಪಿನೋಡುವ ಬುದ್ಧಿಯು ಹುಡುಗಿಯಲ್ಲಿಯೇ ಇರಬೇಕು. ಅರ್ಜಿಯ ಕೆಳಗೆ ರುಜು ಹಾಕುವವಳು ಅವಳೇ ಹೊರತು ಫೋನಲ್ಲ.

ಮನೆಯಲ್ಲಿ ಮಾಡಿಸತಕ್ಕ ಒಂದು ಅಭ್ಯಾಸವನ್ನು ಸೂಚಿಸುವೆವು. ಹುಡುಗಿಯು ಒಂದು ಸಣ್ಣ ನೋಟ್‌ಬುಕ್ಕನ್ನು ಇಟ್ಟುಕೊಳ್ಳಲಿ. ವಾರಕ್ಕೆ ಒಂದೇ ಜೋಡಿ ಸಾಕು. ಎರಡು ಶಬ್ದಗಳನ್ನು ಎದುರುಬದುರಾಗಿ ಬರೆದು, ಒಂದೊಂದಕ್ಕೂ ತನ್ನ ಮನೆಯ, ತನ್ನ ಊರಿನ ಸಂಗತಿಯಿಂದ ಒಂದು ಇಂಗ್ಲೀಷು ವಾಕ್ಯವನ್ನು ಮಾಡಲಿ. ಆಮೇಲೆ ಎರಡನ್ನೂ ಕನ್ನಡದಲ್ಲಿ ಹೇಳಿ ಭೇದವನ್ನು ತೋರಿಸಲಿ. ತಾಯಿಗೆ ಇಂಗ್ಲೀಷು ಬಾರದಿದ್ದರೂ ಚಿಂತೆಯಿಲ್ಲ. "ಹಾಗೆಂದರೇನಮ್ಮ? ಕನ್ನಡದಲ್ಲಿ ಹೇಳು" ಎಂದು ತಾಯಿಯು ಕೇಳಿದರೆ ಸಾಕು; ಹೇಳಲಾರದೆ ತಡವರಿಸಿದಲ್ಲಿ ಮಗಳಿಗೇ ತನ್ನ ಕೊರತೆಯು ಗೊತ್ತಾಗುವುದು.

ಕೊನೆಯದಾಗಿ ಪಾಲಕರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಕನ್ನಡ ಮಾತಾಡಿದರೆ ಇಂಗ್ಲೀಷು ಕೆಡುವುದೆಂದು ಹೆದರಿ, ಮಗಳ ಬಾಯಿಂದ ಕನ್ನಡವನ್ನು ಬಿಡಿಸುವವರು ಈಗ ಹೆಚ್ಚುತ್ತಿದ್ದಾರೆ. ನಮ್ಮ ಅನುಭವವು ಇದಕ್ಕೆ ವಿರುದ್ಧವಾಗಿದೆ. ಕೇಳುವುದಕ್ಕೂ ಕೇಳಿಸುವುದಕ್ಕೂ ಕನ್ನಡದಲ್ಲಿ ಭೇದವನ್ನು ಅರಿಯದವಳಿಗೆ 'ಲಿಸನ್', 'ಹಿಯರ್' ಎಂಬವು ಎಂದಿಗೂ ಬೇರೆಯಾಗವು. ತನ್ನ ಭಾಷೆಯಲ್ಲಿ ತೂಗಿ ಮಾತಾಡುವವಳ ಕೈಯಲ್ಲಿ ಒಂದು ತಕ್ಕಡಿಯಿದೆ. ಅದನ್ನು ಕಸಿದುಕೊಂಡ ಮೇಲೆ ಪರಭಾಷೆಯ ಶಬ್ದಗಳನ್ನು ಅವಳು ಯಾವುದರಿಂದ ತೂಗಬೇಕು?

ಮೇಲೆ ಹೇಳಿದ ಆ ಹುಡುಗಿಯು ಈಗ ಅನೇಕ ವರ್ಷಗಳಿಂದ ದಾದಿಯಾಗಿ ಸೇವೆ ಸಲ್ಲಿಸುತ್ತಿದ್ದಾಳೆ. ಅವಳ ಮಗಳು ನಮ್ಮಲ್ಲಿಯೇ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಮಗಳನ್ನು ಸೇರಿಸಲು ಬಂದ ದಿನ, ಆ ಹಳೆಯ ಮಾತನ್ನು ನಾವೇ ಎತ್ತಿ ಕ್ಷಮೆಯನ್ನು ಬೇಡಿದೆವು. ಅವಳು ನಕ್ಕು, "ಟೀಚರ್, ಈಗ ನಾನು ರೋಗಿಯ ಚೀಟಿಯಲ್ಲಿ ಒಂದು ಶಬ್ದವನ್ನು ಬರೆಯುವ ಮುಂಚೆ ಎರಡು ಸಾರಿ ಯೋಚಿಸುತ್ತೇನೆ. ಆ ಅಭ್ಯಾಸ ಅಂದಿನಿಂದಲೇ ಬಂದದ್ದು" ಎಂದಳು. ನಮ್ಮ ಎಲ್ಲ ವಿದ್ಯಾರ್ಥಿನಿಯರೂ ಅಂಥ ನಷ್ಟವಿಲ್ಲದೆಯೇ ಆ ಅಭ್ಯಾಸವನ್ನು ಹೊಂದಲೆಂದು ಹಾರೈಸಿ ಈ ಲೇಖನವನ್ನು ಮುಗಿಸುವೆವು.